ಕೋಣ ಯಾರದ್ದು, ಓಡಿಸಿದವರು ಯಾರು? ಹಳೆಯ ರೇಸ್ ಗೇಮ್‌ಗಳ ಕೆರಿಯರ್ ಮೋಡ್

ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಕಂಬಳದ ಫಲಿತಾಂಶ ಮೈಕಿನಲ್ಲಿ ಬರುವಾಗ ಎರಡು ಹೆಸರು ಕೇಳುತ್ತವೆ. ಒಂದು ಕೋಣಗಳ ಯಜಮಾನರದ್ದು, ಇನ್ನೊಂದು ‘ಓಡಿಸಿದವರು’ ಎಂದು ಬರುವ ಹೆಸರು. ನೇಗಿಲು ಕಿರಿಯ ವಿಭಾಗದಲ್ಲಿ ಓಡಿದ ಜೋಡಿ ಮುಂದೆ ನೇಗಿಲು ಹಿರಿಯಕ್ಕೋ ಹಗ್ಗಕ್ಕೋ ಏರಿದರೆ ಅದು ಯಜಮಾನರ ಏಳಿಗೆ. ಓಡಿಸಿದವನ ಏಳಿಗೆಯ ಲೆಕ್ಕ ಬೇರೆ. ಈ ವರ್ಷ ಸಣ್ಣ ಮನೆಯ ಕೋಣ ಓಡಿಸಿ ಹೆಸರು ಮಾಡಿದವನನ್ನು ಮುಂದೆ ದೊಡ್ಡ ಮನೆಯವರು ಕರೆಯಬಹುದು, ಅಲ್ಲಿ ಸೋತರೆ ಬಿಡಲೂಬಹುದು. ಕಾರ್ ರೇಸಿನ ವಿಡಿಯೋ ಗೇಮ್‌ಗಳಲ್ಲಿ ‘ಕೆರಿಯರ್ ಮೋಡ್’ (ಬಿಡಿ ರೇಸಿನ ಬದಲು ವೃತ್ತಿಜೀವನವನ್ನೇ ಆಡಿಸುವ ಬಗೆ) ಎಂದು ಬರೆದಿರುವ ಕಡೆಯೆಲ್ಲ ಈ ಎರಡು ಲೆಕ್ಕಗಳಲ್ಲಿ ಒಂದು ಇರುತ್ತದೆ. ಯಾವುದು ಎಂದು ಪೆಟ್ಟಿಗೆಯ ಮೇಲೆ ಹೇಳಿರುವುದಿಲ್ಲ. ಚಾಲಕನ ಬದುಕು ಎಂದು ಶುರುವಾದ ಆಟ ಸ್ವಲ್ಪ ಹೊತ್ತಿಗೆ ಗ್ಯಾರೇಜಿನ ಜಮಾ-ಖರ್ಚಿನ ಪುಸ್ತಕ ಆಗಿಬಿಟ್ಟಿರುತ್ತದೆ.

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಈಗಲೂ ಹಳೆಯ ಟಿವಿ ಗೇಮ್ ಒಂದು ಸಿಗುತ್ತದೆ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಆಗ ಗಲ್ಫ್ ವಿಮಾನ ಇರಲಿಲ್ಲ. ಮುಂಬೈಯಲ್ಲಿ ಇಳಿದು, ರಾತ್ರಿ ಬಸ್ಸಿನಲ್ಲಿ ಊರಿಗೆ ಬರುವ ಮಾಮನ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚುಗಳ ನಡುವೆ ಸೆಗಾ ಮೆಗಾ ಡ್ರೈವೋ, ಆಮೇಲಿನ ಕಾಲಕ್ಕೆ ಪ್ಲೇಸ್ಟೇಷನ್ನೋ ಇರುತ್ತಿತ್ತು. ಆ ಕಪ್ಪು ಡಬ್ಬವನ್ನು ಈಗ ಹೊರಗೆ ತೆಗೆಯುವ ಮಕ್ಕಳು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಇಷ್ಟು ಒರಟು ಚಿತ್ರದ ಆಟವನ್ನು ನೀವೆಲ್ಲ ರಜೆ ಪೂರ್ತಿ ಆಡಿದ್ದು ಹೇಗೆ? ಉತ್ತರ ಚಿತ್ರದಲ್ಲಿ ಸಿಗುವುದಿಲ್ಲ, ಚಿತ್ರದ ಹಿಂದಿರುವ ಕೋಷ್ಟಕದಲ್ಲಿ ಸಿಗುತ್ತದೆ.

ಓಟಗಾರನ ಲೆಕ್ಕವನ್ನು ಅತ್ಯಂತ ಶುದ್ಧವಾಗಿ ಹಿಡಿದ ಹಳೆಯ ಆಟ, ನನ್ನ ಮಟ್ಟಿಗೆ, ಸೆಗಾ ಕಂಪನಿಯ ‘ಸೂಪರ್ ಮೊನಾಕೊ ಜಿಪಿ’. 1989ರಲ್ಲಿ ಅದು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರವಾಗಿ ಬಂತು, 1990ರಲ್ಲಿ ಮೆಗಾ ಡ್ರೈವಿಗೆ. ಆರ್ಕೇಡಿನವರಿಗೆ ಆಟ ಬೇಗ ಮುಗಿಯಬೇಕು, ಮುಂದಿನ ನಾಣ್ಯ ಬೀಳಬೇಕು. ಮನೆಗೆ ಕ್ಯಾಸೆಟ್ ಕೊಂಡವನಿಗೆ ಅದೇ ಆಟವನ್ನು ಹಾಗೆಯೇ ಕೊಟ್ಟರೆ ಒಂದು ಸಂಜೆಗೆ ಬೇಜಾರು. ಹಾಗಾಗಿ ಮನೆಯ ಆವೃತ್ತಿಗೆ ‘ವರ್ಲ್ಡ್ ಚಾಂಪಿಯನ್‌ಶಿಪ್’ ಎಂಬ ಇನ್ನೊಂದು ಆಟವನ್ನೇ ಕಟ್ಟಿ ಸೇರಿಸಿದರು: 16 ರೇಸುಗಳ ಒಂದು ಸೀಸನ್, 16 ತಂಡ, ತಂಡಕ್ಕೆ ಒಬ್ಬನೇ ಚಾಲಕ. ಆಗಿನ ಫಾರ್ಮುಲಾ ಒನ್ ನಿಯಮದಂತೆ ಮೊದಲ ಆರು ಮಂದಿಗೆ 9, 6, 4, 3, 2, 1 ಅಂಕ.

ತಂಡಗಳ ಹೆಸರು ನೋಡಿದರೆ ನಗು ಬರುತ್ತದೆ. ನಿಜವಾದ ಹೆಸರು ಬಳಸುವ ಪರವಾನಗಿ ಇರಲಿಲ್ಲವಲ್ಲ, ಮಿನಾರ್ಡಿ ಹೋಗಿ ‘ಮಿನಾರೆ’ ಆಯಿತು, ಫೆರಾರಿ ‘ಫಿರೆಂಝೆ’ ಆಯಿತು. ಕೆಂಪು-ಬಿಳಿ ಬಣ್ಣದ ಮೆಕ್‌ಲಾರೆನ್ ಜಾಗದಲ್ಲಿ ‘ಮಡೋನಾ’. ಗೊತ್ತಿದ್ದವರಿಗೆ ಬಣ್ಣ ನೋಡಿದರೇ ಸಾಕು, ಯಾರು ಯಾರೆಂದು ತಿಳಿಯುತ್ತದೆ.

ಆಟಗಾರ ಶುರುಮಾಡುವುದು ಮಿನಾರೆಯಲ್ಲಿ, ಅಂದರೆ ಪಟ್ಟಿಯ ಕೆಳಗಿನ ಸಾಲಿನ ತಂಡದಲ್ಲಿ. ಕಾರು ನಿಮ್ಮದಲ್ಲ. ಇಂಜಿನ್ ಬದಲಿಸಲಿಕ್ಕೆ ಆಗುವುದಿಲ್ಲ, ಟರ್ಬೊ ಕೊಳ್ಳಲಿಕ್ಕೆ ಆಗುವುದಿಲ್ಲ. ಹಣ ಎಂಬುದೇ ಈ ಆಟದಲ್ಲಿ ಇಲ್ಲ. ಇರುವುದು ಒಂದು ಸೀಟು. ರೇಸಿಗೆ ಮೊದಲು ನಿಮಗಿಂತ ಮೇಲಿನ ತಂಡದ ಒಬ್ಬ ಚಾಲಕನನ್ನು ರೈವಲ್ ಎಂದು ಆರಿಸಿಕೊಳ್ಳುತ್ತೀರಿ. ಅವನನ್ನು ಎರಡು ಸಲ ಹಿಂದೆ ಹಾಕಿದರೆ ಅವನ ತಂಡದಿಂದಲೇ ಕರೆ ಬರುತ್ತದೆ: ನಮ್ಮ ಕಡೆಗೆ ಬರುತ್ತೀರಾ? ಹೂಂ ಎಂದರೆ ಅವನ ಕಾರಿನಲ್ಲಿ ನೀವು. ಕೆಳಗಿನವರಿಗೂ ಇದೇ ಹಕ್ಕಿದೆ. ಅವರಲ್ಲೊಬ್ಬ ಬಂದು ನಿಮಗೆ ಸವಾಲು ಹಾಕಿ ಎರಡು ಸಲ ಸೋಲಿಸಿದರೆ ನಿಮ್ಮ ಸೀಟು ಅವನಿಗೆ.

ಈ ನಿಯಮದಲ್ಲಿ ಗೆಲುವಿನ ಅಳತೆಯೇ ಬದಲಾಗಿರುವುದನ್ನು ಗಮನಿಸಿ. ನೀವು ಒಂಬತ್ತನೆಯವರಾಗಿ ಬಂದಿರಿ, ರೈವಲ್ ಹತ್ತನೆಯವನಾದ ಎಂದಿಟ್ಟುಕೊಳ್ಳಿ. ಒಂದು ಅಂಕವೂ ಸಿಗಲಿಲ್ಲ, ಆದರೂ ದಿನ ನಿಮ್ಮದು. ಮುಂದೆ ಎಂಟು ಕಾರು ಇದ್ದರೆ ಇರಲಿ, ನಿಮ್ಮ ಕಣ್ಣು ಹಿಂದಿನ ಒಂದರ ಮೇಲೆ. ಮೊದಲ ಸ್ಥಾನ ಮಾತ್ರ ಲೆಕ್ಕಕ್ಕೆ ಬರುವ ಆಟಗಳಲ್ಲಿ ಹಿಂದೆ ಬಿದ್ದ ತಕ್ಷಣ ರೀಸ್ಟಾರ್ಟ್ ಒತ್ತುತ್ತೇವೆ. ಇಲ್ಲಿ ಹನ್ನೊಂದನೇ ಸ್ಥಾನಕ್ಕಾಗಿ ಕೊನೆಯ ಸುತ್ತಿನಲ್ಲಿ ಬೆವರು ಹರಿಸುತ್ತೇವೆ. ನಿಜವಾದ ಫಾರ್ಮುಲಾ ಒನ್ನಿನಲ್ಲೂ ಸಣ್ಣ ತಂಡದ ಹುಡುಗನನ್ನು ಅಳೆಯುವುದು ಹೀಗೆಯೇ. ಪದಕ ಬಂತೋ ಇಲ್ಲವೋ ಯಾರೂ ಕೇಳುವುದಿಲ್ಲ, ಸಮಾನ ಕಾರಿನವನಿಗಿಂತ ಮುಂದಿದ್ದನೋ ಇಲ್ಲವೋ ನೋಡುತ್ತಾರೆ.

ಸರಿ, ಕೆಳಗಿನ ತಂಡದ ನಿಧಾನ ಕಾರಿನಲ್ಲಿ ಮೇಲಿನವನನ್ನು ಹಿಂದೆ ಹಾಕುವುದಾದರೂ ಹೇಗೆ? ಅರ್ಧ ಕೈಚಳಕ, ಅರ್ಧ ಗಣಿತ. ಗಣಿತದ ಭಾಗವನ್ನು ಇಲ್ಲಿಯೇ ಬಿಡಿಸಬಹುದು. ಒಂದು ಕಿಲೋಮೀಟರಿನ ನೇರ ರಸ್ತೆ ಇದೆ. ಒಳ್ಳೆಯ ಕಾರು ಗಂಟೆಗೆ 300 ಕಿ.ಮೀ. ವೇಗದಲ್ಲಿ ಅದನ್ನು 12 ಸೆಕೆಂಡಿನಲ್ಲಿ ದಾಟುತ್ತದೆ. ನಿಮ್ಮದು 290ರಲ್ಲಿ ಹೋದರೆ 12.4 ಸೆಕೆಂಡು. ನಷ್ಟ ಸುಮಾರು 0.4 ಸೆಕೆಂಡು. ಈಗ 100 ಮೀಟರ್ ಉದ್ದದ ಒಂದು ತಿರುವು ತೆಗೆದುಕೊಳ್ಳಿ. ಅವನು ಗಂಟೆಗೆ 90 ಕಿ.ಮೀ.ಯಲ್ಲಿ ತಿರುಗಿದರೆ 4 ಸೆಕೆಂಡು, ನೀವು ಧೈರ್ಯಮಾಡಿ 100ರಲ್ಲಿ ತಿರುಗಿದರೆ 3.6 ಸೆಕೆಂಡು. ಲಾಭ ಅದೇ 0.4. ಅಂದರೆ ಒಂದು ಕಿಲೋಮೀಟರ್ ನೇರ ರಸ್ತೆಯಲ್ಲಿ ಇಂಜಿನ್ ಕಳೆದದ್ದನ್ನು ನೂರು ಮೀಟರ್ ತಿರುವಿನಲ್ಲಿ ಚಾಲಕ ವಾಪಸ್ ತರಬಹುದು. ನಿಧಾನವಾಗಿ ಹೋಗುವ ಜಾಗದಲ್ಲಿ ಗಂಟೆಗೆ ಹತ್ತು ಕಿ.ಮೀ.ಗೆ ಇರುವ ಬೆಲೆ ವೇಗವಾಗಿ ಹೋಗುವ ಜಾಗದಲ್ಲಿ ಇಲ್ಲ. ರೇಸ್ ಗೇಮ್‌ಗೆ ಹೊಸಬರಾದವರು ನೇರ ರಸ್ತೆಯಲ್ಲಿ ಹಿಂದಿಕ್ಕಲು ಒದ್ದಾಡುವುದು ಈ ಲೆಕ್ಕ ತಿಳಿಯದೇ.

ಇದರಿಂದ ಒಂದು ಉಪಾಯ ತಾನಾಗಿ ಹೊರಡುತ್ತದೆ. ದೊಡ್ಡ ತಂಡದವನಿಗೆ ಸವಾಲು ಹಾಕುವುದಿದ್ದರೆ ಮೊನಾಕೊದಂತಹ, ಊರ ಬೀದಿಗಳಲ್ಲೇ ಸುತ್ತುವ, ತಿರುವಿನ ಮೇಲೆ ತಿರುವಿರುವ ಸರ್ಕ್ಯೂಟಿನಲ್ಲಿ ಹಾಕಬೇಕು. ಮೊಂಜಾದಂತಹ ಉದ್ದ ನೇರ ರಸ್ತೆಯ ಕಡೆ ಸಮಾನರನ್ನೋ ಸ್ವಲ್ಪ ಮೇಲಿನವರನ್ನೋ ಆರಿಸಿಕೊಂಡು ಸುಮ್ಮನಿರಬೇಕು. ಯಾವ ಊರಿನಲ್ಲಿ ಯಾರ ಮೇಲೆ ಬೀಳಬೇಕು ಎಂಬ ಈ ತೀರ್ಮಾನ ರೇಸಿಗೆ ಮೊದಲೇ, ಪರದೆಯ ಮೇಲೆ ಕಾರು ಕಾಣುವ ಮೊದಲೇ ಆಗುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ, ಮಣಿಪಾಲದ ಎಂಐಟಿಯಲ್ಲಿ ವಿದ್ಯಾರ್ಥಿಗಳು ಸ್ವಂತ ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟುತ್ತಾರೆ. ಅವರ ಸ್ಪರ್ಧೆಯಲ್ಲಿ ನೇರ ಓಟ ಬರೀ 75 ಮೀಟರ್. ಉಳಿದದ್ದರಲ್ಲಿ ಬಹುಪಾಲು ತಿರುವು: ಎಂಟರ ಆಕಾರದ ಸ್ಕಿಡ್ ಪ್ಯಾಡ್, ಕೋನ್‌ಗಳ ನಡುವಿನ ಆಟೋಕ್ರಾಸ್, ಸುಮಾರು 22 ಕಿ.ಮೀ. ಎಂಡ್ಯೂರೆನ್ಸ್. ಆ ಹುಡುಗ ಹುಡುಗಿಯರಲ್ಲಿ ಯಾರನ್ನಾದರೂ ಕೇಳಿ, ಇಂಜಿನ್ನಿಗಿಂತ ಹೆಚ್ಚು ಹೊತ್ತು ಸಸ್ಪೆನ್ಷನ್, ಟೈರ್ ವಿಷಯವನ್ನೇ ಮಾತಾಡುತ್ತಾರೆ.

ಒಂದು ಸೀಸನ್ ಚಾಂಪಿಯನ್ ಆದರೆ ಎರಡನೆಯದಕ್ಕೆ ಮಡೋನಾದ ಸೀಟು ಸಿಗುತ್ತದೆ. ಇನ್ನೇನು ಬೇಕು ಎಂದು ಕಾಲು ಚಾಚುವಷ್ಟರಲ್ಲಿ ಜಿ. ಸಿಯಾರಾ ಎಂಬ ಹೊಸ ಚಾಲಕ ಬಂದು ನೇರವಾಗಿ ನಿಮ್ಮ ಸೀಟಿಗೇ ಕೈ ಹಾಕುತ್ತಾನೆ. ಸಿಯಾರಾ ಅಂದರೆ ಬ್ರೆಜಿಲ್‌ನ ಒಂದು ರಾಜ್ಯ. ಆಗ ಬ್ರೆಜಿಲ್‌ನಿಂದ ಬಂದು ಎಲ್ಲರ ನಿದ್ದೆ ಕೆಡಿಸುತ್ತಿದ್ದವನು ಅಯರ್ಟನ್ ಸೆನ್ನಾ, ಸುಳಿವು ಅಷ್ಟೇ. ಅವನೆದುರು ಬಹುತೇಕ ಆಟಗಾರರು ಸೋಲುತ್ತಾರೆ, ಡಾರ್ಡನ್ ಎಂಬ ಕೆಳಗಿನ ತಂಡಕ್ಕೆ ಜಾರುತ್ತಾರೆ, ಅಲ್ಲಿಂದ ಮತ್ತೆ ಹತ್ತಬೇಕು. ಚಾಂಪಿಯನ್ ಆದವನನ್ನು ಇಷ್ಟು ನಿರ್ದಯವಾಗಿ ಕೆಳಗೆ ತಳ್ಳುವ ಧೈರ್ಯ ಈಗಿನ ಆಟ ಮಾಡುವವರಿಗೆ ಇದೆಯೋ ಇಲ್ಲವೋ, ನನಗೆ ಅನುಮಾನ.

ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದು ಯಾರು? ಯಂತ್ರ ಅಲ್ಲ, ನಿಮ್ಮ ನೋಟ್‌ಬುಕ್. ಸ್ವಿಚ್ ಆಫ್ ಮಾಡಿದರೆ ಮೆಗಾ ಡ್ರೈವ್ ಎಲ್ಲ ಮರೆಯುತ್ತದೆ. ಅದರ ಮುಖ್ಯ ಮೆಮೊರಿ 64 ಕೆಬಿ ಮಾತ್ರ, ಅದೂ ಕರೆಂಟ್ ಇರುವ ತನಕ. ಬ್ಯಾಟರಿ ಇಟ್ಟ ಕ್ಯಾಸೆಟ್ ದುಬಾರಿ. ಹಾಗಾಗಿ ರೇಸ್ ಮುಗಿದ ಮೇಲೆ ಪರದೆಯಲ್ಲಿ ಉದ್ದದ ಪಾಸ್‌ವರ್ಡ್ ಬರುತ್ತಿತ್ತು. ಅದು ಬರೀ ಬೀಗದ ಕೈ ಅಲ್ಲ, ಇಡೀ ಸೀಸನ್ನಿನ ಸ್ಥಿತಿಯೇ ಅಕ್ಷರರೂಪದಲ್ಲಿ ಅಲ್ಲಿದೆ. ಹೇಗೆ ಹಿಡಿಸಬಹುದು ಎಂದು ನಾವೇ ಒಂದು ಲೆಕ್ಕ ಹಾಕೋಣ. ಒಬ್ಬ ಚಾಲಕ ಗಳಿಸಬಹುದಾದ ಅತಿ ಹೆಚ್ಚು ಅಂಕ 16 ಗುಣಿಸು 9, ಅಂದರೆ 144. ಅದಕ್ಕೆ 8 ಬಿಟ್ (ಒಂದು ಬಿಟ್ ಎಂದರೆ ಒಂದು ಸೊನ್ನೆ ಅಥವಾ ಒಂದು) ಸಾಕು. ಹದಿನಾರು ಚಾಲಕರಿಗೆ 128 ಬಿಟ್. ಯಾರು ಯಾವ ತಂಡ ಎಂಬುದಕ್ಕೆ ತಲಾ 4 ಬಿಟ್, ಒಟ್ಟು 64. ಎಷ್ಟನೇ ರೇಸ್, ಎಷ್ಟನೇ ಸೀಸನ್, ರೈವಲ್ ಮೇಲೆ ಎಷ್ಟು ಗೆಲುವು ಎಂಬುದಕ್ಕೆಲ್ಲ ಇನ್ನು ಏಳೆಂಟು. ಎಲ್ಲ ಸೇರಿ 200 ಬಿಟ್ ಆಸುಪಾಸು. 32 ಚಿಹ್ನೆಗಳ ಒಂದು ವರ್ಣಮಾಲೆ ಇಟ್ಟುಕೊಂಡರೆ ಒಂದು ಅಕ್ಷರದಲ್ಲಿ 5 ಬಿಟ್ ಕೂರುತ್ತವೆ. ನಲವತ್ತು ಅಕ್ಷರದಲ್ಲಿ ಒಬ್ಬ ಚಾಲಕನ ಇಡೀ ವೃತ್ತಿಜೀವನ! ಇದರ ಜೊತೆಗೆ ತಪ್ಪು ಹಿಡಿಯಲು ಒಂದೆರಡು ಅಕ್ಷರ ಸೇರಿಸುತ್ತಾರೆ. ಉಳಿದ ಅಕ್ಷರಗಳ ಮೊತ್ತಕ್ಕೆ ಅವು ತಾಳೆಯಾಗದಿದ್ದರೆ ಯಂತ್ರ ಪಾಸ್‌ವರ್ಡನ್ನು ತಿರಸ್ಕರಿಸುತ್ತದೆ. ಸೊನ್ನೆಯನ್ನು ‘ಓ’ ಎಂದು ಬರೆದುಕೊಂಡಿದ್ದರೆ ಮಡೋನಾ ಸೀಟೂ ಹೋಯಿತು, ರಜೆಯೂ ಹೋಯಿತು.

ಪಾಸ್‌ವರ್ಡಿಗೆ ಇನ್ನೊಂದು ಗುಣ ಇತ್ತು, ಆಟ ಮಾಡಿದವರು ಅದನ್ನು ಬಯಸಿದ್ದರೋ ಇಲ್ಲವೋ. ರೇಸ್ ಸೋತು ಸೀಟು ಹೋದರೆ ಹಳೆಯ ಪಾಸ್‌ವರ್ಡ್ ಹಾಕಿ ಮತ್ತೆ ಓಡಬಹುದು. ಸೋಲು ಶಾಶ್ವತವಾಗಬೇಕಾದರೆ ಆಟಗಾರನೇ ಪ್ರಾಮಾಣಿಕನಾಗಿರಬೇಕು. ಮನೆಯಲ್ಲಿ ಅಣ್ಣ ತಮ್ಮ ಇಬ್ಬರೂ ಆಡುತ್ತಿದ್ದರೆ ಈ ಪ್ರಾಮಾಣಿಕತೆ ಹೆಚ್ಚು ದಿನ ಬಾಳುತ್ತಿರಲಿಲ್ಲ ಮಾರಾಯ್ರೆ.

ಹದಿನಾರು ಸರ್ಕ್ಯೂಟ್ ಅಷ್ಟು ಸಣ್ಣ ಕ್ಯಾಸೆಟ್ಟಿನಲ್ಲಿ ಹಿಡಿಸಿದ್ದೂ ಇದೇ ಜಾಣ್ಮೆಯಿಂದ. ಆ ಕಾಲದ ಆಟಗಳಲ್ಲಿ ರಸ್ತೆ ಎಂದರೆ ಒಂದು ಪಟ್ಟಿ: ಇಷ್ಟು ದೂರ ನೇರ, ಇಷ್ಟು ದೂರ ಬಲಕ್ಕೆ ಇಷ್ಟು ತೀವ್ರತೆಯ ತಿರುವು, ಹೀಗೆ. ಪರದೆಯ 224 ಅಡ್ಡಗೆರೆಗಳಲ್ಲಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಎಡಬಲಕ್ಕೆ ಜರುಗಿಸುವ ಸೌಲಭ್ಯ ಮೆಗಾ ಡ್ರೈವಿನ ಚಿತ್ರದ ಚಿಪ್ಪಿನಲ್ಲಿತ್ತು. ದೂರದ ಗೆರೆಯನ್ನು ಹೆಚ್ಚು, ಹತ್ತಿರದ್ದನ್ನು ಕಡಿಮೆ ಜರುಗಿಸಿದರೆ ನೇರ ರಸ್ತೆ ಬಾಗಿದಂತೆ ಕಾಣುತ್ತದೆ. ಎದುರಿನ ಕಾರುಗಳನ್ನು ದೊಡ್ಡದು ಸಣ್ಣದು ಮಾಡುವ ಯಂತ್ರಾಂಶ ಆರ್ಕೇಡಿನಲ್ಲಿತ್ತು, ಮೆಗಾ ಡ್ರೈವಿನಲ್ಲಿ ಇರಲಿಲ್ಲ. ಅದಕ್ಕೇ ಬೇರೆ ಬೇರೆ ಅಳತೆಯ ಚಿತ್ರಗಳನ್ನು ಮೊದಲೇ ಬರೆದಿಟ್ಟುಕೊಂಡರು. ಮುಂದಿನ ಕಾರು ಹತ್ತಿರ ಬರುವಾಗ ಗಕ್ಕನೆ ಹಾರಿದಂತೆ ಕಾಣುವುದು ಇದರಿಂದಲೇ.

ನಮ್ಮ ಊರಿನಲ್ಲಿ ಆಡಿದವರಿಗೆ ಇನ್ನೊಂದು ವಿಚಿತ್ರ ಸೇರಿಕೊಂಡಿತ್ತು. ಜಪಾನಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತದೆ, ಭಾರತದ, ಪ್ಯಾಲ್ ಎಂಬ ಮಾದರಿಯ ಟಿವಿ 50 ಸಲ. ಗಲ್ಫ್‌ನಿಂದ ಬರುತ್ತಿದ್ದ ಕನ್ಸೋಲುಗಳೂ ಹೆಚ್ಚಾಗಿ ಪ್ಯಾಲ್ ಮಾದರಿಯವೇ. ಆ ಕಾಲದ ಆಟಗಳು ಗಡಿಯಾರ ನೋಡಿ ನಡೆಯುತ್ತಿರಲಿಲ್ಲ, ಚಿತ್ರ ಎಣಿಸಿ ನಡೆಯುತ್ತಿದ್ದವು. ಪ್ಯಾಲ್‌ಗೆ ಎಂದು ಪ್ರತ್ಯೇಕವಾಗಿ ತಿದ್ದದ ಆಟ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ. ಟೋಕಿಯೋದಲ್ಲಿ 60 ಸೆಕೆಂಡಿಗೆ ಮುಗಿಯುವ ಸುತ್ತು ಕುಂದಾಪುರದಲ್ಲಿ 72 ಸೆಕೆಂಡು ತೆಗೆದುಕೊಳ್ಳುತ್ತದೆ. ಹಾಡಿನ ಲಯವೂ ಸ್ವಲ್ಪ ಎಳೆದಂತೆ, ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ. ಬ್ರೇಕ್ ಹಾಕಲು ನಮಗೆ ಸಿಕ್ಕ ಸಮಯವೂ ಅಷ್ಟೇ ಪಾಲು ಹೆಚ್ಚು. ‘ಸಿಯಾರಾನನ್ನು ನಾನು ಮೊದಲ ರೇಸಿನಲ್ಲೇ ಸೋಲಿಸಿದ್ದೆ’ ಎಂದು ಯಾರಾದರೂ ಕೊಚ್ಚಿಕೊಂಡರೆ ಯಾವ ಟಿವಿಯಲ್ಲಿ ಎಂದು ಕೇಳುವುದು ಒಳ್ಳೆಯದು. ಹಡಗಿನಲ್ಲಿ ಕೆಲಸ ಮಾಡುವವರು ಜಪಾನಿನಿಂದಲೇ ತಂದ ಕನ್ಸೋಲ್ ಆದರೆ ಪೂರ್ತಿ ವೇಗ, ಆದರೆ ಪ್ಯಾಲ್ ಮಾತ್ರ ತಿಳಿದ ಟಿವಿಯಲ್ಲಿ ಬಣ್ಣ ಮೂಡದೆ ಕಪ್ಪು-ಬಿಳುಪು.

ಇನ್ನು ಯಜಮಾನನ ಲೆಕ್ಕಕ್ಕೆ ಬರೋಣ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ‘ಗ್ರ್ಯಾನ್ ಟುರಿಸ್ಮೊ’ ಬಿಡುಗಡೆಯಾಯಿತು. ಕಝುನೊರಿ ಯಮಾವುಚಿ ಮತ್ತು ಅವರ ಸಣ್ಣ ತಂಡ ಐದು ವರ್ಷ ಕಟ್ಟಿದ ಆಟ. ಮೊದಲ ಪ್ಲೇಸ್ಟೇಷನ್ನಿನ ಅತಿ ಹೆಚ್ಚು ಮಾರಾಟವಾದ ಆಟ ಇದೇ, ಒಂದು ಕೋಟಿಗೂ ಹೆಚ್ಚು ಪ್ರತಿ. ಶುರುವಿಗೆ 10,000 ಕ್ರೆಡಿಟ್ ಕೈಗೆ ಕೊಡುತ್ತಾರೆ. ಅದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ರೇಸಿಗೆ ಇಳಿಯುವ ಮೊದಲು ಲೈಸೆನ್ಸ್ ಬೇಕು: ಬಿ, ಎ, ಇಂಟರ್‌ನ್ಯಾಷನಲ್ ಎ ಎಂದು ಮೂರು ಹಂತ, ಹಂತಕ್ಕೆ ಎಂಟು ಪರೀಕ್ಷೆ. ಮೊದಲ ಪರೀಕ್ಷೆಗಳಲ್ಲಿ ಕೇಳುವುದು ಏನು ಗೊತ್ತೇ? ವೇಗವಾಗಿ ಹೋಗಿ, ಗುರುತು ಹಾಕಿದ ಜಾಗದಲ್ಲಿ ನಿಲ್ಲಿಸಿ ತೋರಿಸು. ಓಡುವ ಮೊದಲು ನಿಲ್ಲಲು ಕಲಿಸುವ ಆಟ. ತಿರುವಿನ ಲೆಕ್ಕ ಮೇಲೆ ನೋಡಿದೆವಲ್ಲ, ಈ ಪರೀಕ್ಷೆಗಳು ಅದನ್ನೇ ಕೈಬೆರಳಿಗೆ ಹೇಳಿಕೊಡುತ್ತವೆ.

ಲೈಸೆನ್ಸ್ ಮುಗಿಯಿತು, ಚಾಲಕನ ಕಥೆಯೂ ಅಲ್ಲಿಗೆ ಮುಗಿಯಿತು. ಆಮೇಲೆ ಬೆಳೆಯುವುದೆಲ್ಲ ಗ್ಯಾರೇಜು. ಗೆದ್ದರೆ ಹಣ, ಹಣಕ್ಕೆ ಟರ್ಬೊ, ಟೈರು, ಹೊಸ ಕಾರು. ಬಹುಮಾನವಾಗಿ ಬಂದ ಕಾರನ್ನು ಮಾರಿ ಇನ್ನೊಂದು. ರೇಸ್ ಕಷ್ಟ ಎನ್ನಿಸಿದರೆ ಸುಲಭದ ರೇಸನ್ನೇ ಮತ್ತೆ ಮತ್ತೆ ಓಡಿ ಹಣ ಕೂಡಿಸಿ, ದುಪ್ಪಟ್ಟು ಬಲದ ಕಾರು ತಂದು ಎದುರಾಳಿಗಳನ್ನು ಒರೆಸಿಹಾಕಬಹುದು. ಕೈ ಸುಧಾರಿಸದಿದ್ದರೂ ನಡೆಯುತ್ತದೆ. ಈ ಆಟದಲ್ಲಿ ಯಾರೂ ನಿಮ್ಮ ಸೀಟು ಕಿತ್ತುಕೊಳ್ಳುವುದಿಲ್ಲ, ಏಕೆಂದರೆ ಸೀಟು ನಿಮ್ಮದೇ. ಸೋತರೂ ಗ್ಯಾರೇಜಿನಲ್ಲಿರುವುದು ಎಲ್ಲಿಗೂ ಹೋಗುವುದಿಲ್ಲ, 128 ಕೆಬಿಯ ಮೆಮೊರಿ ಕಾರ್ಡಿನಲ್ಲಿ ಭದ್ರ. ನನಗೆ ಈ ಆಟದ ಮೇಲೆ ಸಿಟ್ಟಿಲ್ಲ, ಕಾರಿನ ತೂಕ, ಹಿಡಿತ ಕೈಗೆ ತಾಗುವುದನ್ನು ಅದು ಮನೆಯ ಕನ್ಸೋಲಿಗೆ ತಂದ ಬಗೆ ದೊಡ್ಡದು. ಆದರೆ ಅದನ್ನು ಚಾಲಕನ ಕೆರಿಯರ್ ಎಂದು ಕರೆದರೆ ಒಪ್ಪುವುದು ಕಷ್ಟ. 2004ರ ‘ಗ್ರ್ಯಾನ್ ಟುರಿಸ್ಮೊ 4’ ಇದನ್ನು ತಾನೇ ಒಪ್ಪಿಕೊಂಡಿತು ಎನ್ನಬಹುದು. ಅದರಲ್ಲಿ ‘ಬಿ-ಸ್ಪೆಕ್’ ಎಂಬ ಬಗೆಯಿದೆ: ಕಾರನ್ನು ಕಂಪ್ಯೂಟರ್ ಚಾಲಕ ಓಡಿಸುತ್ತಾನೆ, ನೀವು ಪಿಟ್‌ನಲ್ಲಿ ನಿಂತು ‘ವೇಗ ಹೆಚ್ಚಿಸು, ಈಗ ಹಿಂದಿಕ್ಕು, ಸುಮ್ಮನಿರು’ ಎಂದು ಹೇಳುತ್ತಿರಬೇಕು. ಅನುಭವ ಬೆಳೆಯುವುದೂ ಅವನದ್ದೇ.

ಗ್ಯಾರೇಜ್ ಮಾದರಿ ಗೆದ್ದದ್ದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಕೊಡುವ ಆಟವನ್ನು ಜನ ಇಷ್ಟಪಡುತ್ತಾರೆ, ಕಿತ್ತುಕೊಳ್ಳುವ ಆಟವನ್ನು ಬೈಯುತ್ತಾರೆ. ತಾಂತ್ರಿಕ ಕಾರಣವೂ ಒಂದಿದೆ. ರೇಸ್ ಗೇಮ್‌ಗಳಲ್ಲಿ ರಬ್ಬರ್ ಬ್ಯಾಂಡಿಂಗ್ ಎಂಬ ಹಳೆಯ ಮೋಸ ಇದೆ. ನೀವು ತುಂಬ ಮುಂದೆ ಹೋದರೆ ಹಿಂದಿನ ಕಾರುಗಳ ವೇಗವನ್ನು ಯಂತ್ರ ಗುಟ್ಟಾಗಿ ಏರಿಸುತ್ತದೆ, ಹಿಂದೆ ಬಿದ್ದರೆ ಮುಂದಿನವರನ್ನು ನಿಧಾನ ಮಾಡುತ್ತದೆ, ರೇಸ್ ಯಾವಾಗಲೂ ಬಿಗಿಯಾಗಿ ಕಾಣಬೇಕಲ್ಲ. ಸೀಟಿನ ಆಟಕ್ಕೆ ಇದನ್ನು ಜೋರಾಗಿ ಹಾಕಿದರೆ ಬುಡವೇ ಅಲ್ಲಾಡುತ್ತದೆ. ಮಿನಾರೆಯ ಕಾರಿಗೂ ಮಡೋನಾದ ಕಾರಿಗೂ ನಿಜವಾದ ಅಂತರ ಇದ್ದರೆ ಮಾತ್ರ ಒಂದರಿಂದ ಇನ್ನೊಂದಕ್ಕೆ ಹೋಗುವುದಕ್ಕೆ ಅರ್ಥ. ಎಲ್ಲ ಕಾರೂ ಹಗ್ಗ ಕಟ್ಟಿದಂತೆ ನಿಮ್ಮ ಹಿಂದೆಯೇ ಬಂದರೆ ಬಡ್ತಿಯ ರುಚಿ ಎಲ್ಲಿಂದ ಬರಬೇಕು? ಹಾಗೆಂದು ಮೋಸ ಮಾಡದೆ ಬಿಟ್ಟರೆ ಹೊಸಬ ಮೊದಲ ಅರ್ಧ ಗಂಟೆ ಹದಿನಾಲ್ಕನೇ ಸ್ಥಾನದಲ್ಲೇ ಇರುತ್ತಾನೆ. ಈ ತೂಕ ಹೊಂದಿಸುವುದು ಕಷ್ಟದ ಕೆಲಸ.

2000ದ ದಶಕದಲ್ಲಿ ಕೆಲವರು ಚಾಲಕನಿಗೆ ಮುಖವನ್ನೇ ಕೊಟ್ಟು ನೋಡಿದರು. ಕೋಡ್‌ಮಾಸ್ಟರ್ಸ್‌ನ 2002ರ ‘ಟೋಕಾ ರೇಸ್ ಡ್ರೈವರ್’ನಲ್ಲಿ ರಯಾನ್ ಮೆಕೇನ್ ಎಂಬ ಯುವಕ ನಾಯಕ, ಅಪ್ಪ ರೇಸಿನಲ್ಲಿ ಸತ್ತಿದ್ದಾನೆ, ರೇಸುಗಳ ನಡುವೆ ಸಿನಿಮಾದಂತಹ ದೃಶ್ಯಗಳು. ತೊಂದರೆ ಎಂದರೆ ಕಾರು ಓಡಿಸುವವರು ನೀವು, ಕೋಪ ಮಾಡಿಕೊಳ್ಳುವವನು ಅವನು. 2004ರ ಎರಡನೇ ಭಾಗದಲ್ಲಿ ರಯಾನನ್ನು ಕೈಬಿಟ್ಟರು. ಅಲ್ಲಿ ನಾಯಕನಿಗೆ ಹೆಸರೂ ಇಲ್ಲ, ಮುಖವೂ ಇಲ್ಲ, ಎಲ್ಲವನ್ನೂ ಚಾಲಕನ ಕಣ್ಣಿನಿಂದಲೇ ನೋಡುತ್ತೇವೆ, ಇಂಜಿನಿಯರ್ ನಮ್ಮ ಮುಖ ನೋಡಿಯೇ ಬೈಯುತ್ತಾನೆ. ಅದು ಎಷ್ಟೋ ವಾಸಿ. 2003ರಲ್ಲಿ ಇಎ ಕಂಪನಿ ‘ಎಫ್1 ಕೆರಿಯರ್ ಚಾಲೆಂಜ್’ ತಂದಿತು. ಸೂಪರ್ ಲೈಸೆನ್ಸ್ (ಫಾರ್ಮುಲಾ ಒನ್ ಓಡಿಸಲು ಬೇಕಾದ ಪರವಾನಗಿ) ಪಡೆದು 1999ರಿಂದ 2002ರವರೆಗಿನ ನಾಲ್ಕು ನಿಜವಾದ ಸೀಸನ್ ಓಡಬೇಕು. ಹೆಸರುಗಳೆಲ್ಲ ಅಸಲಿ. ಮೈಕೆಲ್ ಶೂಮಾಕರ್ ಕೊನೆಯ ಮೂರು ವರ್ಷವೂ ಚಾಂಪಿಯನ್ ಆದ ಕಾಲ ಅದು, ಅವನ ಕಾರಿನ ಹಿಂದೆ ಬಿದ್ದವರ ಪಾಡು ಏನೆಂದು ಆಡಿದವರಿಗೇ ಗೊತ್ತು.

ಸೋನಿಯವರ ಪ್ಲೇಸ್ಟೇಷನ್ 2 ಆಟ ‘ಫಾರ್ಮುಲಾ ಒನ್ 05’ರಲ್ಲೂ ಕೆಳಗಿನ ತಂಡಗಳಿಂದ ಮೇಲೇರುವ ಕೆರಿಯರ್ ಇತ್ತು. ನಮ್ಮವರಿಗೆ ಅದರಲ್ಲಿ ವಿಶೇಷ ಆಕರ್ಷಣೆ ಜೋರ್ಡನ್ ತಂಡದ ಪಟ್ಟಿಯಲ್ಲಿದ್ದ ನಾರಾಯಣ್ ಕಾರ್ತಿಕೇಯನ್, ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ. ಅವರ 2005ರ ಸೀಸನ್ ಯಾವ ಕೆರಿಯರ್ ಮೋಡಿಗಿಂತಲೂ ವಿಚಿತ್ರ. ಇಂಡಿಯಾನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರ್ ಹಾಕಿದ 14 ಕಾರುಗಳು ಸುರಕ್ಷತೆಯ ಕಾರಣಕ್ಕೆ ಹಿಂದೆ ಸರಿದವು, ಬರೀ ಆರು ಕಾರು ಓಡಿದವು, ಕಾರ್ತಿಕೇಯನ್ ನಾಲ್ಕನೆಯವರಾಗಿ 5 ಅಂಕ ಪಡೆದರು. ಮರುವರ್ಷ ರೇಸ್ ಸೀಟು ಸಿಗಲಿಲ್ಲ. ವಿಲಿಯಮ್ಸ್ ತಂಡದಲ್ಲಿ ಪರೀಕ್ಷಾ ಚಾಲಕರಾದರು. ದೊಡ್ಡ ತಂಡ, ಸಣ್ಣ ಕೆಲಸ. ಇದು ಬಡ್ತಿಯೋ ಹಿಂಬಡ್ತಿಯೋ ಎಂದು ನಿರ್ಧರಿಸುವ ಕೋಷ್ಟಕವನ್ನು ಯಾವ ಆಟವೂ ಬರೆದಂತಿಲ್ಲ.

ಅಟ್ಟದಿಂದ ಇಳಿಸಿದ ಯಂತ್ರವನ್ನು ಈಗ ಆಡಬೇಕೆಂದಿದ್ದರೆ ಕರಾವಳಿಯ ಗಾಳಿಯ ವಿಚಾರ ಮೊದಲು. ಹಲವು ಮಳೆಗಾಲ ಕಂಡ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳ ಮೇಲೆ ಪೊರೆ ಕಟ್ಟಿರುತ್ತದೆ. ಬಾಯಿಯಿಂದ ಊದಬೇಡಿ, ಎಂಜಲಿನ ತೇವ ಅದನ್ನು ಇನ್ನಷ್ಟು ಕೆಡಿಸುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಇಯರ್ ಬಡ್ಡಿನಿಂದ ಒರೆಸಿ, ಒಣಗಿಸಿ ಹಾಕಿ. ಅಡಾಪ್ಟರ್ ಜಪಾನಿನದ್ದಾದರೆ 100 ವೋಲ್ಟಿನದ್ದಿರುತ್ತದೆ, ನಮ್ಮ 230ಕ್ಕೆ ಚುಚ್ಚಿದರೆ ಹೊಗೆ. ಟಿವಿಯದ್ದು ಮೂರನೇ ವಿಷಯ. ಹಳೆಯ ಡಬ್ಬ ಟಿವಿ ಗುಂಡಿ ಒತ್ತಿದ್ದನ್ನು ಆ ಕ್ಷಣವೇ ತೋರಿಸುತ್ತಿತ್ತು. ಹೊಸ ಎಲ್‌ಇಡಿ ಟಿವಿ ಹಳೆಯ ಸಿಗ್ನಲನ್ನು ಹಿಗ್ಗಿಸಿ ತಿದ್ದಿ ತೋರಿಸಲು ಸಮಯ ತೆಗೆದುಕೊಳ್ಳುತ್ತದೆ. ಆ ತಡ ಸೆಕೆಂಡಿನ ಹತ್ತನೇ ಒಂದು ಭಾಗ ಎಂದಿಟ್ಟುಕೊಂಡರೂ 300 ಕಿ.ಮೀ. ವೇಗದ ಕಾರು ಅಷ್ಟರಲ್ಲಿ ಎಂಟು ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ತಪ್ಪಿದ್ದಕ್ಕೆ ವಯಸ್ಸನ್ನು ಬೈದುಕೊಳ್ಳುವ ಮೊದಲು ಟಿವಿಯ ಸೆಟ್ಟಿಂಗಿನಲ್ಲಿ ‘ಗೇಮ್ ಮೋಡ್’ ಹಾಕಿ ನೋಡಿ. ಪಾಸ್‌ವರ್ಡನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರೆ ಸಾಕು.